ಬಾವಲಿಯನ್ನು ಹಿಡಿಯದೇ ಸಂಶೋಧನೆ ಮಾಡುವುದು ಹೇಗೆ?

ಪ್ರಶ್ನೆ: ನಾನು ಮಂಡ್ಯದಲ್ಲಿ ಎಂ.ಎಸ್ಸಿ. ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ನಮ್ಮೂರು ಶ್ರೀರಂಗಪಟ್ಟಣದ ಹತ್ತಿರ, ನಾಲೆ ಪಕ್ಕದಲ್ಲಿದೆ. ಊರಾಚೆ ಒಂದು ಅರಳಿ ಮರ, ಒಂದು ಹೊಳೆಮತ್ತಿ ಮರದಲ್ಲಿ ನೂರಾರು ದೊಡ್ಡ ಬಾವಲಿಗಳಿವೆ. ಇವುಗಳ ಪರಿಸರ, ನಡವಳಿಕೆ ಬಗ್ಗೆ ಡಿಸೆಂಬರ್‌ನಿಂದ ಮೇ ತನಕ ಪ್ರಾಜೆಕ್ಟ್ ಮಾಡುವ ಆಸೆ. ನನ್ನ ಹತ್ತಿರ ಒಂದು ದುರ್ಬೀನು, ಒಂದು ಮೊಬೈಲ್ ಬಿಟ್ಟರೆ ಏನೂ ಇಲ್ಲ. ಬಲೆ ಹಾಕಿ ಹಿಡಿಯದಿದ್ದರೆ ಅದು ಸಂಶೋಧನೆ ಅನ್ನಿಸಿಕೊಳ್ಳುತ್ತದಾ? ಅನುಮತಿ ಬೇಕಾ? ಮನೆಯಲ್ಲಿ ನಿಪಾ ಅಂತ ಹೆದರುತ್ತಾರೆ. ಮೈಸೂರಿನಲ್ಲಿ ಓದುವ ನನ್ನ ಗೆಳತಿಗೂ ಬಾವಲಿ ಮೇಲೆ ಕೆಲಸ ಮಾಡುವ ಮನಸ್ಸಿದೆ. ಅವಳಿಗೂ ಒಂದು ವಿಷಯ ಹೇಳುತ್ತೀರಾ?

ಉತ್ತರ: ಖಂಡಿತ ಅನ್ನಿಸಿಕೊಳ್ಳುತ್ತದೆ. ಬಲೆಯ ಯೋಚನೆಯನ್ನು ಇವತ್ತೇ ಬಿಟ್ಟುಬಿಡಿ. ನಿಮ್ಮ ಪ್ರಶ್ನೆಗೆ ಬಾವಲಿ ಕೈಗೆ ಸಿಗಬೇಕಾಗಿಯೇ ಇಲ್ಲ. ನಿಮಗೆ ಬೇಕಾದದ್ದು ಒಂದು ಸಣ್ಣ ಪ್ರಶ್ನೆ, ಮತ್ತೆ ಅದೇ ಜಾಗಕ್ಕೆ ಅದೇ ರೀತಿಯಲ್ಲಿ ಹೋಗಿ ನೋಡುವ ಶಿಸ್ತು. ಎಂ.ಎಸ್ಸಿ. ಪ್ರಾಜೆಕ್ಟ್‌ಗಳು ಹಾಳಾಗುವುದು ಉಪಕರಣ ಇಲ್ಲದ್ದಕ್ಕಲ್ಲ. 'ಮಂಡ್ಯ ಜಿಲ್ಲೆಯ ಬಾವಲಿಗಳ ಪರಿಸರ ಮತ್ತು ನಡವಳಿಕೆಯ ಅಧ್ಯಯನ' ಅಂತ ಇಡೀ ಜಿಲ್ಲೆಯನ್ನು ತಲೆ ಮೇಲೆ ಹೊತ್ತುಕೊಳ್ಳುವುದರಿಂದ. ಎರಡು ಮರ, ಆರು ತಿಂಗಳು, ಒಂದು ಪ್ರಶ್ನೆ. ಇಷ್ಟಿದ್ದರೆ ಒಳ್ಳೆಯ ಪ್ರಬಂಧವೇ ಆಗುತ್ತದೆ.

ಮೊದಲು ಕಾನೂನಿನ ವಿಷಯ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿಗಳನ್ನು ಬಹಳ ವರ್ಷ ಇಲಿ, ಕಾಗೆಗಳ ಜೊತೆ ಉಪದ್ರವಕಾರಿ ಪ್ರಾಣಿಗಳ ಪಟ್ಟಿಯಲ್ಲಿ ಇಟ್ಟಿದ್ದರು. ಯಾರು ಬೇಕಾದರೂ ಹೊಡೆಯಬಹುದಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈಗ ನಿಮ್ಮೂರಿನ ದೊಡ್ಡ ಬಾವಲಿ ಎರಡನೇ ಅನುಸೂಚಿಯಲ್ಲಿದೆ. ಅಂದರೆ ಅದನ್ನು ಹಿಡಿಯಲು, ಅದರ ಮೈಗೆ ಗುರುತು ಹಾಕಲು, ಮಾದರಿ ತೆಗೆಯಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಜೊತೆಗೆ ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಹಿಡಿಯುವವರಿಗೆ ಮುಂಚಿತವಾಗಿ ರೇಬೀಸ್ ಲಸಿಕೆ ಆಗಿರಬೇಕು, ಅನುಭವ ಇರುವವರ ಕೈಕೆಳಗೆ ತರಬೇತಿಯೂ ಆಗಿರಬೇಕು. ಆರು ತಿಂಗಳ ಪ್ರಾಜೆಕ್ಟ್‌ನಲ್ಲಿ ಇದಕ್ಕೇ ಸಮಯ ಕಳೆದುಹೋಗುತ್ತದೆ.

ಊರಾಚೆಯ ಮರವನ್ನು ರಸ್ತೆಯಲ್ಲಿ ನಿಂತು ದುರ್ಬೀನಿನಲ್ಲಿ ನೋಡುವುದು ಬೇರೆ ಮಾತು. ಆದರೂ ಜಮೀನಿನವರನ್ನು ಕೇಳಿ. ನಿಮ್ಮ ವಿಭಾಗದ ಮುಖ್ಯಸ್ಥರ ಪತ್ರ ತೆಗೆದುಕೊಂಡು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ವಿಷಯ ತಿಳಿಸಿ. ಸಂಜೆ ಹೊತ್ತು ಹೊಲದ ಬದುವಿನಲ್ಲಿ ದುರ್ಬೀನು ಹಿಡಿದು ನಿಂತವರನ್ನು ಜನ ಪ್ರಶ್ನೆ ಮಾಡಿಯೇ ಮಾಡುತ್ತಾರೆ. ಆಗ ಆ ಪತ್ರ ಬಹಳ ಉಪಯೋಗಕ್ಕೆ ಬರುತ್ತದೆ. ರಂಗನತಿಟ್ಟಿನಲ್ಲೂ ಇದೇ ಜಾತಿಯ ಬಾವಲಿಗಳಿವೆ. ಆದರೆ ಅದು 1940ರಿಂದ ಪಕ್ಷಿಧಾಮ. ಅಲ್ಲಿ ಅಧ್ಯಯನ ಮಾಡಬೇಕಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕೇ ಬೇಕು. ಮೇಲುಕೋಟೆ ವನ್ಯಧಾಮಕ್ಕೂ ಇದೇ ಮಾತು. ಪುರಾತತ್ವ ಇಲಾಖೆಯ ಸ್ಮಾರಕಗಳ ಒಳಗೆ ಕೆಲಸ ಮಾಡುವುದಾದರೆ ಅವರನ್ನೂ ಕೇಳಬೇಕು.

ಈಗ ನಿಮ್ಮ ಮರಗಳ ಹತ್ತಿರ ಬರೋಣ. ಹಗಲಲ್ಲಿ ಎತ್ತರದ ಕೊಂಬೆಗಳಲ್ಲಿ ಬಹಿರಂಗವಾಗಿ ನೇತಾಡುವ, ಕೆಂಚು ಕುತ್ತಿಗೆಯ ಆ ದೊಡ್ಡ ಬಾವಲಿಯ ವೈಜ್ಞಾನಿಕ ಹೆಸರು ಟೆರೋಪಸ್ ಮೀಡಿಯಸ್. ಹಳೇ ಪುಸ್ತಕಗಳಲ್ಲಿ ಟೆರೋಪಸ್ ಜೈಗ್ಯಾಂಟಿಯಸ್ ಅಂತ ಇರುತ್ತದೆ. ಎರಡೂ ಒಂದೇ. ರೆಕ್ಕೆ ಬಿಚ್ಚಿದರೆ ಒಂದೂಕಾಲು ಮೀಟರ್ ಆಸುಪಾಸು ಅಗಲ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ. ಈ ಕೊನೆಯ ಮಾತನ್ನು ಚೆನ್ನಾಗಿ ನೆನಪಿಡಿ. ಇಲಿ, ಹೆಗ್ಗಣದ ಹಾಗೆ ಇವು ಬೇಗ ಬೇಗ ಸಂಖ್ಯೆ ಹೆಚ್ಚಿಸಿಕೊಳ್ಳಲಾರವು. ಒಂದು ಮರ ಕಡಿದರೆ, ಮರಿ ಇರುವ ಕಾಲದಲ್ಲಿ ನಾಲ್ಕು ದಿನ ಪಟಾಕಿ ಹೊಡೆದು ಓಡಿಸಿದರೆ, ಆ ನಷ್ಟ ತುಂಬಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ.

ನಿಮ್ಮ ಕೆಲಸ ಎಣಿಕೆಯಿಂದ ಶುರುವಾಗಲಿ. ಕೇಳಲು ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಹೆಚ್ಚು ತಪ್ಪುಗಳು ನುಸುಳುವುದು ಇಲ್ಲೇ. ಮರವನ್ನು ದೊಡ್ಡ ಕೊಂಬೆಗಳ ಪ್ರಕಾರ ಭಾಗ ಮಾಡಿಕೊಳ್ಳಿ. ಒಂದು ರೇಖಾಚಿತ್ರ ಬರೆದು ಪ್ರತಿ ಭಾಗಕ್ಕೂ ನಂಬರ್ ಕೊಡಿ. ಬೆಳಗ್ಗೆ ಎಂಟರಿಂದ ಹತ್ತರೊಳಗೆ, ಬಾವಲಿಗಳು ನೆಲೆಗೊಂಡು ಸುಮ್ಮನಾದ ಮೇಲೆ ಎಣಿಸಿ. ಜೊತೆಗೆ ಇನ್ನೊಬ್ಬರು ಬೇಕು. ಇಬ್ಬರೂ ಬೇರೆ ಬೇರೆಯಾಗಿ ಎಣಿಸಬೇಕು. ಎಣಿಕೆ ಮುಗಿಯುವ ತನಕ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳಬಾರದು. ಒಬ್ಬರಿಗೆ 310, ಇನ್ನೊಬ್ಬರಿಗೆ 350 ಬಂದರೆ ಗಾಬರಿ ಬೇಡ. ಆ 40ರ ವ್ಯತ್ಯಾಸವೇ ನಿಮ್ಮ ಎಣಿಕೆಯಲ್ಲಿ ಎಷ್ಟು ಅನಿಶ್ಚಿತತೆ ಇದೆ ಅಂತ ಹೇಳುತ್ತದೆ. ಅದನ್ನು ಪ್ರಬಂಧದಲ್ಲಿ ಹಾಗೇ ಬರೆಯಿರಿ. ಇಬ್ಬರ ಲೆಕ್ಕ ಒಂದೇ ಬರುವ ಹಾಗೆ ಸರಿಮಾಡಿ ಬರೆದರೆ ಮಾಹಿತಿಯೇ ಹೋಯಿತು.

ಅರಳಿ ಮರದಲ್ಲಿ ಒಂದು ವಿಶೇಷ ತೊಂದರೆ ಇದೆ. ಅದು ಚಳಿಗಾಲದ ಕೊನೆಗೆ ಎಲೆ ಉದುರಿಸುತ್ತದೆ. ಡಿಸೆಂಬರ್‌ನಲ್ಲಿ ಎಲೆ ಮರೆಯಲ್ಲಿದ್ದ ಬಾವಲಿಗಳು ಫೆಬ್ರವರಿ ಹೊತ್ತಿಗೆ ಬೋಳು ಕೊಂಬೆಯಲ್ಲಿ ಕಣ್ಣಿಗೆ ಬೀಳುತ್ತವೆ. ನಿಮ್ಮ ಪಟ್ಟಿಯಲ್ಲಿ ಸಂಖ್ಯೆ ಏರುತ್ತದೆ. ನಿಜವಾಗಿ ಒಂದೂ ಹೆಚ್ಚಾಗಿರುವುದಿಲ್ಲ! ಇದಕ್ಕೆ ಪರಿಹಾರ ಸಂಜೆಯ ಎಣಿಕೆ. ಹಗಲು ಎಣಿಸಿದ ದಿನವೇ ಸಂಜೆಯೂ ಹೋಗಿ. ಪಡುವಣದ ಬೆಳಕು ಹಿನ್ನೆಲೆಯಾಗುವ ಹಾಗೆ ಮರದ ಪೂರ್ವಕ್ಕೆ ನಿಂತುಕೊಳ್ಳಿ. ಬಾವಲಿಗಳು ಮರ ಬಿಟ್ಟು ಹಾರುವಾಗ ಒಂದೊಂದಾಗಿ ಎಣಿಸಿ. ಇಬ್ಬರು ಎರಡು ದಿಕ್ಕು ಹಂಚಿಕೊಳ್ಳಿ, ಮಧ್ಯದ ಗಡಿಯನ್ನು ಒಂದು ವಿದ್ಯುತ್ ಕಂಬವೋ ತೆಂಗಿನ ಮರವೋ ನೋಡಿ ನಿಗದಿ ಮಾಡಿ. ಹಗಲಿನ ಎಣಿಕೆಗೂ ಸಂಜೆಯ ಎಣಿಕೆಗೂ ಇರುವ ಅನುಪಾತ ಎಲೆ ಉದುರಿದ ಮೇಲೆ ಬದಲಾದರೆ, ಎಲೆಗಳು ಎಷ್ಟನ್ನು ಮರೆಮಾಡಿದ್ದವು ಅಂತ ಗೊತ್ತಾಗುತ್ತದೆ. ಹೊಳೆಮತ್ತಿಯನ್ನೂ ಹೀಗೇ ಮಾಡಿದರೆ ಎರಡು ಮರಗಳನ್ನು ಹೋಲಿಸಬಹುದು. ಇನ್ನೊಂದು ಸಂಗತಿ. ಒಂದು ದಿನ ನೂರು ಕಡಿಮೆ ಆದರೆ ಅವು ಸತ್ತವು ಅಂತ ಬರೆಯಬೇಡಿ. ಈ ಬಾವಲಿಗಳು ರಾತ್ರಿ ಹತ್ತಾರು ಕಿಲೋಮೀಟರ್ ಹಾರುತ್ತವೆ. ಬೆಳಗ್ಗೆ ಬೇರೆ ನೆಲೆಯಲ್ಲಿ ಉಳಿದುಕೊಳ್ಳಲೂಬಹುದು. ರಂಗನತಿಟ್ಟು ನಿಮ್ಮಿಂದ ಎಷ್ಟು ದೂರ ಅಂತ ಯೋಚಿಸಿ.

ಸಂಜೆ ಎಣಿಸುವಾಗ ಮೊದಲ ಬಾವಲಿ ಹೊರಟ ಸಮಯ, ಅರ್ಧದಷ್ಟು ಹೊರಟ ಸಮಯ ಬರೆದಿಡಿ. ಗಡಿಯಾರದ ಸಮಯದ ಜೊತೆಗೆ ಸೂರ್ಯ ಮುಳುಗಿ ಎಷ್ಟು ನಿಮಿಷ ಆಗಿತ್ತು ಅನ್ನುವುದನ್ನೂ ಬರೆಯಬೇಕು. ನಮ್ಮ ಭಾಗದಲ್ಲಿ ನವೆಂಬರ್ ಕೊನೆಗೆ ಸಂಜೆ 6ಕ್ಕೂ ಮೊದಲೇ ಸೂರ್ಯ ಮುಳುಗುತ್ತಾನೆ. ಜುಲೈಯಲ್ಲಿ 6:50 ದಾಟುತ್ತದೆ. ಹೆಚ್ಚು ಕಡಿಮೆ ಒಂದು ಗಂಟೆ ವ್ಯತ್ಯಾಸ. ಬರೀ ಗಡಿಯಾರ ನೋಡಿದರೆ 'ಬೇಸಿಗೆಯಲ್ಲಿ ಬಾವಲಿಗಳು ತಡವಾಗಿ ಹೊರಡುತ್ತವೆ' ಅನ್ನುವ ಸುಳ್ಳು ತೀರ್ಮಾನ ಬರುತ್ತದೆ. ಮೋಡ, ಗಾಳಿ, ಚಂದ್ರನ ಸ್ಥಿತಿ ಕೂಡ ದಾಖಲಿಸಿ.

ಹೊರಡುವ ಸಮಯದ ವಿಷಯದಲ್ಲಿ ನಮ್ಮ ದಕ್ಷಿಣ ಭಾರತದಲ್ಲೇ ಜಗತ್ತಿಗೆ ಹೊಸದಾದ ಕೆಲಸ ನಡೆದಿದೆ ಅನ್ನುವುದು ನಿಮಗೆ ಗೊತ್ತಿರಬೇಕು. ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಎಂ.ಕೆ. ಚಂದ್ರಶೇಖರನ್ ಮತ್ತು ಅವರ ವಿದ್ಯಾರ್ಥಿಗಳು ಗುಹೆಯ ಒಳಗಿನ ಪೂರ್ತಿ ಕತ್ತಲೆಯಲ್ಲಿ ಸಣ್ಣ ಬಾವಲಿಗಳನ್ನು ಪಂಜರದಲ್ಲಿಟ್ಟು ನೋಡಿದರು. ಅವಕ್ಕೆ ಹಗಲು ರಾತ್ರಿ ಕಾಣುತ್ತಿರಲಿಲ್ಲ. ಆದರೂ ಗುಹೆಯ ಉಳಿದ ಬಾವಲಿಗಳು ಸಂಜೆ ಹೊರಟು ಬೆಳಗ್ಗೆ ಬರುವ ಗದ್ದಲಕ್ಕೆ ತಮ್ಮ ದೇಹದ ಗಡಿಯಾರವನ್ನು ಹೊಂದಿಸಿಕೊಂಡವು. ಜೊತೆಗಾರರಿಲ್ಲದ ಕಡೆ ಇಟ್ಟಾಗ ಅವುಗಳ ಲಯ ನಿಧಾನವಾಗಿ ಜಾರಿಹೋಯಿತು. 1981ರಲ್ಲಿ ಇದು ಪ್ರಕಟವಾಯಿತು. ಒಂದು ಪ್ರಾಣಿಗೆ ಸಮಯ ತಿಳಿಸಲು ಬೆಳಕೇ ಬೇಕಿಲ್ಲ, ತನ್ನವರ ಓಡಾಟವೂ ಸಾಕು ಅನ್ನುವುದು ಎಷ್ಟು ದೊಡ್ಡ ಮಾತು! ಆ ಪ್ರಯೋಗವನ್ನು ನೀವು ಮಾಡಲಾರಿರಿ, ಮಾಡಬೇಕಾಗಿಯೂ ಇಲ್ಲ. ಆದರೆ ನಿಮ್ಮ ಎರಡು ಮರಗಳ ಬಾವಲಿಗಳು ಒಂದೇ ಹೊತ್ತಿಗೆ ಹೊರಡುತ್ತವಾ, ಒಂದು ಮರ ಶುರು ಮಾಡಿದ ಮೇಲೆ ಇನ್ನೊಂದು ಹೊರಡುತ್ತದಾ ಅನ್ನುವುದನ್ನು ನೋಡಬಹುದು.

ನಡವಳಿಕೆಗೆ ನನ್ನ ಸಲಹೆ ಒಂದೇ: ಬಿಸಿಲು ಮತ್ತು ರೆಕ್ಕೆ ಬೀಸುವುದು. ನೀವು ಆರಿಸಿಕೊಂಡ ತಿಂಗಳುಗಳಿಗೆ ಇದಕ್ಕಿಂತ ಒಳ್ಳೆ ವಿಷಯ ನನಗೆ ಕಾಣುತ್ತಿಲ್ಲ. ಈ ದೊಡ್ಡ ಬಾವಲಿಗಳಿಗೆ ನಮ್ಮ ಹಾಗೆ ಬೆವರಿ ತಂಪಾಗಲು ಆಗುವುದಿಲ್ಲ. ಬಿಸಿ ಏರಿದಾಗ ನೆರಳಿಗೆ ಸರಿಯುತ್ತವೆ. ಅರ್ಧ ಬಿಚ್ಚಿದ ರೆಕ್ಕೆಯನ್ನು ಬೀಸಣಿಗೆಯ ಹಾಗೆ ಬೀಸಿಕೊಳ್ಳುತ್ತವೆ. ಇನ್ನೂ ಜಾಸ್ತಿಯಾದರೆ ಎಂಜಲನ್ನು ಮೈಗೆ, ರೆಕ್ಕೆಗೆ ಹಚ್ಚಿಕೊಳ್ಳುತ್ತವೆ, ಬಾಯಿ ತೆರೆದು ಏದುಸಿರು ಬಿಡುತ್ತವೆ. 42 ಡಿಗ್ರಿ ದಾಟಿದರೆ ಸಾಯುತ್ತವೆ ಅನ್ನುವುದನ್ನು ಆಸ್ಟ್ರೇಲಿಯಾದಲ್ಲಿ ಕಂಡಿದ್ದಾರೆ. 2014ರ ಜನವರಿಯಲ್ಲಿ ಅಲ್ಲಿನ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಒಂದು ಬಿಸಿಗಾಳಿಗೆ 45,000ಕ್ಕೂ ಜಾಸ್ತಿ ಬಾವಲಿಗಳು ಸತ್ತವು. ಅವು ನಿಮ್ಮೂರಿನ ಬಾವಲಿಯ ಹತ್ತಿರದ ಬಂಧುಗಳು. ಮಂಡ್ಯದ ಬಿಸಿಲು ಅಷ್ಟಕ್ಕೆ ಹೋಗದಿರಬಹುದು. ಆದರೆ ಎಷ್ಟು ಡಿಗ್ರಿಗೆ ಇಲ್ಲಿನ ಬಾವಲಿ ರೆಕ್ಕೆ ಬೀಸಲು ಶುರು ಮಾಡುತ್ತದೆ? ಅರಳಿಯಲ್ಲಿ ಬೇಗನಾ, ಹೊಳೆಮತ್ತಿಯಲ್ಲಿ ಬೇಗನಾ? ಇದು ನೀವು ಉತ್ತರ ಹುಡುಕಬಲ್ಲ ಪ್ರಶ್ನೆ. ಬರುವ ವರ್ಷಗಳಲ್ಲಿ ಯಾವ ಮರ ಉಳಿಸಬೇಕು ಅಂತ ಯೋಚಿಸುವವರಿಗೂ ಬೇಕಾದ ಉತ್ತರ.

ಮಾಡುವ ರೀತಿ ಹೀಗೆ. ಮೊದಲ ವಾರ ಸುಮ್ನೆ ಕೂತು ನೋಡಿ. ಏನೇನು ಮಾಡುತ್ತವೆ ಅಂತ ಪಟ್ಟಿ ಬರೆಯಿರಿ: ನಿದ್ದೆ, ಮೈ ನೆಕ್ಕಿಕೊಳ್ಳುವುದು, ರೆಕ್ಕೆ ಬೀಸುವುದು, ಜಗಳ, ಕೊಂಬೆಯ ಮೇಲೆ ಸರಿದಾಡುವುದು, ಮಿಲನ, ಮರಿಯ ಆರೈಕೆ, ಹಾರಾಟ. ಪ್ರತಿಯೊಂದಕ್ಕೂ ಎರಡು ಸಾಲಿನ ವಿವರಣೆ ಇರಲಿ. ನಿಮ್ಮ ಜೊತೆಗಾರರು ಅದೇ ವಿವರಣೆ ಓದಿ ಅದೇ ಬಾವಲಿಯನ್ನು ನೋಡಿದಾಗ ನೀವು ಬರೆದದ್ದನ್ನೇ ಬರೆಯಬೇಕು. ಬರೆಯದಿದ್ದರೆ ವಿವರಣೆ ಸಾಲದು ಅಂತ ಅರ್ಥ. ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಗೊತ್ತುಮಾಡಿದ ಕೊಂಬೆಗಳನ್ನು ಎಡದಿಂದ ಬಲಕ್ಕೆ ನೋಡುತ್ತಾ ಹೋಗಿ. ಪ್ರತಿ ಬಾವಲಿಯೂ ನಿಮ್ಮ ಕಣ್ಣಿಗೆ ಬಿದ್ದ ಆ ಕ್ಷಣ ಏನು ಮಾಡುತ್ತಿತ್ತೋ ಅಷ್ಟನ್ನೇ ಬರೆಯಿರಿ. ಜಗಳ ನಡೆಯುತ್ತಿದೆ ಅಂತ ಅಲ್ಲೇ ದುರ್ಬೀನು ನಿಲ್ಲಿಸಬೇಡಿ. ಜಗಳ ಕಣ್ಣನ್ನು ಎಳೆಯುತ್ತದೆ, ನಿದ್ದೆ ಎಳೆಯುವುದಿಲ್ಲ. ಕಣ್ಣು ಹೋದ ಕಡೆ ಬರೆಯುತ್ತಾ ಹೋದರೆ ಬಾವಲಿಗಳು ದಿನವೆಲ್ಲ ಜಗಳವಾಡುತ್ತವೆ ಅನ್ನುವ ಲೆಕ್ಕ ಬರುತ್ತದೆ. ಈ ಅಪಾಯವನ್ನು ಜೀನ್ ಆಲ್ಟ್‌ಮನ್ 1974ರ ಒಂದು ಲೇಖನದಲ್ಲಿ ಬಿಡಿಸಿ ಬಿಡಿಸಿ ಬರೆದಿದ್ದಾರೆ. ನಡವಳಿಕೆ ಅಧ್ಯಯನ ಮಾಡುವ ಪ್ರತಿಯೊಬ್ಬರೂ ಓದುವ ಲೇಖನ ಅದು. ನಿಮ್ಮ ಗೈಡ್ ಹತ್ತಿರ ಕೇಳಿ ಓದಿ.

ಪ್ರತಿ ಸುತ್ತಿಗೂ ನೆರಳಿನ ಉಷ್ಣಾಂಶ ಬರೆಯಿರಿ. ಸಾಧಾರಣ ಡಿಜಿಟಲ್ ಥರ್ಮಾಮೀಟರ್ ಸಾಕು, ಆದರೆ ಪ್ರತಿ ಸಲ ಒಂದೇ ಎತ್ತರದಲ್ಲಿ, ಒಂದೇ ನೆರಳಲ್ಲಿ ತೂಗುಹಾಕಿ. ಕೊಂಬೆ ಬಿಸಿಲಲ್ಲಿದೆಯಾ ನೆರಳಲ್ಲಿದೆಯಾ ಅಂತಲೂ ಗುರುತು ಮಾಡಿ. ಇಲ್ಲೊಂದು ಸೂಕ್ಷ್ಮ ಇದೆ. ಒಂದೇ ದಿನದೊಳಗೆ ನೋಡಿದರೆ ಮಧ್ಯಾಹ್ನ ಎಂದರೆ ಬಿಸಿಯೂ ಹೌದು, ಮಧ್ಯಾಹ್ನವೂ ಹೌದು. ಬಾವಲಿ ರೆಕ್ಕೆ ಬೀಸಿದ್ದು ಬಿಸಿಗಾ, ಆ ಹೊತ್ತಿಗೆ ಹೇಗೂ ಎಚ್ಚರವಾಗುತ್ತವೆ ಅಂತಲಾ? ಹೇಳಲು ಆಗುವುದಿಲ್ಲ. ಆದ್ದರಿಂದ ಜನವರಿಯ ಮಧ್ಯಾಹ್ನವನ್ನು ಏಪ್ರಿಲ್‌ನ ಮಧ್ಯಾಹ್ನದ ಜೊತೆ ಹೋಲಿಸಿ. ಹೊತ್ತು ಒಂದೇ, ಬಿಸಿ ಬೇರೆ. ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದು ತಂಪಾದ ದಿನ ಸಿಕ್ಕರೆ ಅದನ್ನು ಬಿಡಲೇಬೇಡಿ. ಆ ದಿನದ ಮಾಹಿತಿಗೆ ಬೆಲೆ ಜಾಸ್ತಿ.

ಅಂಕಿಅಂಶ ಮಾಡುವಾಗ ಒಂದು ಎಚ್ಚರಿಕೆ. ಒಂದು ದಿನದಲ್ಲಿ ಎರಡು ಸಾವಿರ ಸಾಲು ಮಾಹಿತಿ ಸಿಗಬಹುದು. ಅದು ಎರಡು ಸಾವಿರ ಬೇರೆ ಬೇರೆ ಬಾವಲಿಗಳಿಂದ ಬಂದದ್ದಲ್ಲ. ಅವೇ ಬಾವಲಿಗಳು, ಅದೇ ಮರ, ಅದೇ ಬಿಸಿಲು. ಇದನ್ನು ಮರೆತು ಲೆಕ್ಕ ಹಾಕುವುದು ಪರಿಸರ ಅಧ್ಯಯನಗಳಲ್ಲಿ ಎಷ್ಟು ಸಾಮಾನ್ಯ ಅಂತ ಹರ್ಲ್‌ಬರ್ಟ್ ಎಂಬ ವಿಜ್ಞಾನಿ 1984ರಲ್ಲೇ ಎಚ್ಚರಿಸಿದ್ದರು. ಪ್ರತಿ ದಿನಕ್ಕೆ ಪ್ರತಿ ಮರದ ಸರಾಸರಿ ತೆಗೆದು, ದಿನವನ್ನೇ ಒಂದು ಘಟಕ ಮಾಡಿಕೊಳ್ಳಿ. ಸಂಖ್ಯೆ ಚಿಕ್ಕದಾಗುತ್ತದೆ, ಮಾತು ಗಟ್ಟಿಯಾಗುತ್ತದೆ. ಎರಡೇ ಮರ ಇರುವುದರಿಂದ 'ಅರಳಿ ಮರಗಳು ಹೀಗೆ' ಅಂತ ಬರೆಯಬೇಡಿ. 'ಈ ಅರಳಿ ಮರ ಹೀಗೆ' ಅಂತ ಬರೆಯಿರಿ.

ಮರದ ಕೆಳಗೆ ಬಿದ್ದದ್ದನ್ನು ನೋಡಿ ಏನು ತಿನ್ನುತ್ತವೆ ಅಂತ ತಿಳಿಯಬಹುದು. ಅತ್ತಿ, ಆಲ, ಅರಳಿಯ ಸಣ್ಣ ಬೀಜ ಹಿಕ್ಕೆಯಲ್ಲಿ ಬರುತ್ತದೆ. ದೊಡ್ಡ ಬೀಜ, ಜಗಿದು ಹಿಂಡಿ ಉಗುಳಿದ ನಾರಿನ ಉಂಡೆ ಬೇರೆಯಾಗಿ ಸಿಗುತ್ತದೆ. ಹಣ್ಣು ಹೊಟ್ಟೆ ದಾಟಲು ಇವಕ್ಕೆ ಅರ್ಧ ಗಂಟೆ ಆಸುಪಾಸು ಸಾಕು. ಹಾಗಾಗಿ ನೆಲೆಯ ಕೆಳಗೆ ಸಿಗುವುದು ಮುಂಜಾವದ ಕೊನೆಯ ಊಟ ಮಾತ್ರ. ಇಡೀ ರಾತ್ರಿಯ ಊಟ ಅಲ್ಲ. ಇದೊಂದನ್ನು ನೆನಪಿಟ್ಟರೆ ಸಾಕು. ಆರು ತಿಂಗಳಲ್ಲಿ ಎಣಿಕೆ, ರೆಕ್ಕೆ ಬೀಸುವುದು ಎರಡೇ ಬೇಕಾದಷ್ಟು ಕೆಲಸ. ಆಹಾರವನ್ನು ಮುಂದಿನ ಬ್ಯಾಚಿಗೆ ಬಿಡಿ ಅಂತ ನನ್ನ ಅಭಿಪ್ರಾಯ.

ಇನ್ನು ಮೈಸೂರಿನ ಗೆಳತಿಗೆ. ಊರೊಳಗೆ ಸಿಗುವ ಸಣ್ಣ ಹಣ್ಣು ಬಾವಲಿ ಬೇರೆ ಜಾತಿ, ಸೈನಾಪ್ಟೆರಸ್ ಸ್ಫಿಂಕ್ಸ್. ನಾಯಿಮರಿಯಂಥ ಮೂತಿ, ಕಿವಿಯ ಅಂಚಿಗೆ ಬಿಳಿ ಗೆರೆ. ಇದರ ಗಂಡು ಗುಡಾರ ಕಟ್ಟುತ್ತದೆ. ನಾವು ಅಶೋಕ ಅಂತ ಕರೆದು ಕಾಂಪೌಂಡ್ ಪಕ್ಕ ನೆಡುವ ಎತ್ತರದ ಮರದ ಜೋಲುವ ಎಲೆಗಳ ನಡುವೆ ಕಡ್ಡಿಗಳನ್ನು ಕಡಿದು ಒಳಗೆ ಟೊಳ್ಳು ಮಾಡಿಕೊಳ್ಳುತ್ತದೆ. ಬಗನಿ ಮರದ ಗೊನೆಯಲ್ಲಿ ಮಧ್ಯದ ಎಳೆಗಳನ್ನು ಕಡಿದು ಗಂಟೆಯ ಆಕಾರದ ಜಾಗ ಮಾಡುತ್ತದೆ. ಆ ಗುಡಾರದಲ್ಲಿ ಒಂದು ಗಂಡು, ಹಲವು ಹೆಣ್ಣು. ದಕ್ಷಿಣ ತಮಿಳುನಾಡಿನಲ್ಲಿ 1990ರ ದಶಕದಲ್ಲಿ ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಮೈಸೂರಿನ ಹಳೇ ಬಡಾವಣೆಗಳಲ್ಲಿ ಅಶೋಕ ಮರಗಳಿಗೆ ಬರವಿಲ್ಲ. ಗುಡಾರ ಇರುವ ಮರ, ಇಲ್ಲದ ಮರಗಳ ಎತ್ತರ, ರಸ್ತೆಯಿಂದ ದೂರ, ಹತ್ತಿರದ ದೀಪ ಇಷ್ಟನ್ನು ಅಳೆದರೂ ಒಂದು ಪ್ರಾಜೆಕ್ಟ್.

ಆದರೆ ನಾನು ಅವಳ ಜಾಗದಲ್ಲಿದ್ದರೆ ದಸರಾ ದೀಪಗಳನ್ನು ಆರಿಸಿಕೊಳ್ಳುತ್ತಿದ್ದೆ. ವರ್ಷಕ್ಕೊಮ್ಮೆ ಒಂದು ಊರಿನ ಕೆಲವು ರಸ್ತೆಗಳು ಇದ್ದಕ್ಕಿದ್ದ ಹಾಗೆ ಬೆಳಕಾಗುತ್ತವೆ, ಪಕ್ಕದ ರಸ್ತೆಗಳು ಹಾಗೇ ಇರುತ್ತವೆ. ಇಂಥ ಪ್ರಯೋಗವನ್ನು ದುಡ್ಡು ಕೊಟ್ಟು ಮಾಡಿಸಲು ಆಗುತ್ತದಾ? ಬೆಳಕಿನ ರಸ್ತೆಯಲ್ಲೂ ಕತ್ತಲ ರಸ್ತೆಯಲ್ಲೂ ಒಂದೇ ಗಾತ್ರದ ಗಸಗಸೆ ಹಣ್ಣಿನ ಮರಗಳನ್ನು ಜೋಡಿ ಜೋಡಿಯಾಗಿ ಆರಿಸಲಿ. ಕತ್ತಲಲ್ಲಿ ಬಾವಲಿ ಕಾಣುವುದಿಲ್ಲ, ಬೆಳಕಲ್ಲಿ ಕಾಣುತ್ತದೆ. ಕಣ್ಣಿಂದ ಎಣಿಸಿದರೆ ಬೆಳಕಿನ ರಸ್ತೆಯಲ್ಲೇ ಜಾಸ್ತಿ ಇರುವ ಹಾಗೆ ತೋರುತ್ತದೆ. ಅದಕ್ಕೆ ಮರದ ಕೆಳಗೆ ಸಂಜೆ ಒಂದೇ ಅಳತೆಯ ಬಟ್ಟೆ ಹಾಸಿ, ಬೆಳಗಾಗುವ ಮುಂಚೆ ಹೋಗಿ ಬಿದ್ದ ಹಿಕ್ಕೆ, ಉಗುಳಿದ ಸಿಪ್ಪೆ ಎಣಿಸಲಿ. ಬೆಳಗಾದ ಮೇಲೆ ಹಕ್ಕಿ, ಅಳಿಲು ಬಂದು ಲೆಕ್ಕ ಕೆಡಿಸುತ್ತವೆ. ಮರದಲ್ಲಿ ಎಷ್ಟು ಹಣ್ಣು ಮಾಗಿತ್ತು ಅಂತಲೂ ಕೆಲವು ಕೊಂಬೆಗಳಲ್ಲಿ ಎಣಿಸಬೇಕು.

ಇದರಲ್ಲಿ ಎಲ್ಲರೂ ಮರೆಯುವ ಒಂದು ವಿಷಯ ಚಂದ್ರ. ನವರಾತ್ರಿ ಆಶ್ವಯುಜ ಶುದ್ಧ ಪಾಡ್ಯದಿಂದ ಶುರು. ಅಂದರೆ ಪ್ರತಿ ವರ್ಷವೂ ಅಮಾವಾಸ್ಯೆ ಮುಗಿದು ಚಂದ್ರ ಬೆಳೆಯುತ್ತಾ ಹೋಗುವ ಹತ್ತು ದಿನಗಳೇ ದಸರಾ. ಈ ಬಾವಲಿ ಬೆಳದಿಂಗಳಲ್ಲಿ ಓಡಾಟ ಕಡಿಮೆ ಮಾಡುತ್ತದೆ ಅನ್ನುವುದನ್ನು ಮಧುರೈನ ಸಂಶೋಧಕರು ತೋರಿಸಿದ್ದಾರೆ. ಹಾಗಾದರೆ ವಿಜಯದಶಮಿ ಹೊತ್ತಿಗೆ ಬಾವಲಿ ಕಡಿಮೆಯಾದರೆ ಅದು ದೀಪದಿಂದಲಾ, ಚಂದ್ರನಿಂದಲಾ? ಉತ್ತರ ಬೇಕಾದರೆ ಹಿಂದಿನ ಭಾದ್ರಪದದ ಅದೇ ತಿಥಿಗಳಲ್ಲಿ, ಮುಂದಿನ ಕಾರ್ತಿಕದ ಅದೇ ತಿಥಿಗಳಲ್ಲಿ ಅವೇ ಮರಗಳನ್ನು ನೋಡಬೇಕು. ಭಾದ್ರಪದದಲ್ಲಿ ಗಣೇಶನ ಪೆಂಡಾಲಿನ ಸದ್ದು, ಕಾರ್ತಿಕದ ಮೊದಲ ದಿನ ಬಲಿಪಾಡ್ಯಮಿಯ ಪಟಾಕಿ ಇರುತ್ತದೆ. ಆ ರಾತ್ರಿಗಳನ್ನು ಗುರುತು ಮಾಡಿ ಬೇರೆ ಇಡಲಿ. ಪಂಚಾಂಗ ನೋಡಿ ಪ್ರಯೋಗ ಯೋಜಿಸುವುದರಲ್ಲಿ ಏನೂ ತಪ್ಪಿಲ್ಲ. ಚಂದ್ರನ ಲೆಕ್ಕ ಅದರಲ್ಲಿ ಕರಾರುವಾಕ್ಕಾಗಿಯೇ ಇದೆ.

ಕೀಟ ತಿನ್ನುವ ಬಾವಲಿಗಳ ಮೇಲೆ ಮನಸ್ಸಿದ್ದರೆ ಶಬ್ದ ದಾಖಲಿಸುವ ಯಂತ್ರ ಬೇಕು. ನಮಗೆ 20 ಕಿಲೋಹರ್ಟ್ಸ್ ಮೇಲೆ ಕೇಳಿಸುವುದಿಲ್ಲ. ಅವು ಕೂಗುವುದು ಬಹುತೇಕ ಅದರ ಮೇಲೆಯೇ. ಆಡಿಯೋಮಾತ್ ಅನ್ನುವ ಚಿಕ್ಕ ಯಂತ್ರ 192 ಕಿಲೋಹರ್ಟ್ಸ್ ತನಕ ಹಿಡಿಯುತ್ತದೆ. ಮೂಗಿನ ಮೇಲೆ ಎಲೆಯಂಥ ರಚನೆ ಇರುವ ಕೆಲವು ಜಾತಿಗಳನ್ನು ಅವುಗಳ ಸ್ಥಿರ ಶ್ರುತಿಯಿಂದಲೇ ಗುರುತಿಸಬಹುದು. ಬೀದಿ ದೀಪದ ಸುತ್ತ ಹಾರುವ ಪುಟ್ಟ ಬಾವಲಿಗಳ ಕೂಗು ಒಂದಕ್ಕೊಂದು ಬೆರೆತಿರುತ್ತದೆ. ಅಲ್ಲಿ ಜಾತಿಯ ಹೆಸರು ಹಾಕಲು ಹೋಗದೆ ಶ್ರುತಿಯ ಪ್ರಕಾರ ಗುಂಪು ಮಾಡುವುದೇ ಪ್ರಾಮಾಣಿಕ ಕೆಲಸ. ಇದು ಪ್ರೊಫೆಸರ್‌ಗಳ ಕೆಲಸ ಅಂತ ಅವಳು ಹಿಂಜರಿಯಬೇಕಿಲ್ಲ. ಬಾವಲಿಗಳು ನಮಗೆ ಕೇಳಿಸದ ಸದ್ದು ಮಾಡುತ್ತವೆ ಅಂತ 1938ರಲ್ಲಿ ಕಂಡುಕೊಂಡ ಡೊನಾಲ್ಡ್ ಗ್ರಿಫಿನ್ ಆಗ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿ. ಭೌತಶಾಸ್ತ್ರದ ಪ್ರಾಧ್ಯಾಪಕರೊಬ್ಬರ ಹತ್ತಿರ ಅಂಥ ಸದ್ದು ಹಿಡಿಯುವ ಯಂತ್ರ ಇದೆ ಅಂತ ಕೇಳಿ ಬಾವಲಿಗಳನ್ನು ಅಲ್ಲಿಗೆ ಒಯ್ದಿದ್ದರು.

ಗುಹೆ, ಪಾಳು ಮಂಟಪ, ಹಾಳು ಬಾವಿಗಳ ಒಳಗೆ ಇಬ್ಬರೂ ಹೋಗುವುದು ಬೇಡ. ಅಲ್ಲಿ ನೆಲೆಸುವ ಬಾವಲಿಗಳು ಗದ್ದಲಕ್ಕೆ ಜಾಗವನ್ನೇ ಬಿಟ್ಟುಬಿಡಬಹುದು. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದು ಗುಹೆಯಲ್ಲಿರುವ ಹಿಪ್ಪೊಸಿಡೆರೋಸ್ ಹೈಪೊಫಿಲ್ಲಸ್ ಅನ್ನುವ ಬಾವಲಿ ಈಗ ಜಗತ್ತಿನಲ್ಲಿ ಬೇರೆಲ್ಲೂ ಇರುವುದು ಗೊತ್ತಿಲ್ಲ. ಸುತ್ತ ಗ್ರಾನೈಟ್ ಗಣಿಗಾರಿಕೆ ನಡೆದು ಅದು ಅಳಿವಿನ ಅಂಚಿಗೆ ಬಂದಿದೆ. ಒಂದು ಜಾತಿಯ ಉಳಿವು ಒಂದು ಗುಹೆಯ ಮೇಲೆ ನಿಂತಿರುವಾಗ ಕುತೂಹಲಕ್ಕೆ ಟಾರ್ಚ್ ಹಿಡಿದು ಹೋಗುವುದು ಎಷ್ಟು ಸರಿ? ಮನುಷ್ಯರಿಗೂ ಅಪಾಯವಿದೆ. ಮುಚ್ಚಿದ ಜಾಗದ ಹಳೇ ಹಿಕ್ಕೆಯ ದೂಳಿನಲ್ಲಿ ಶ್ವಾಸಕೋಶಕ್ಕೆ ತಗಲುವ ಶಿಲೀಂಧ್ರ ಇರಬಹುದು.

ಮನೆಯವರ ನಿಪಾ ಹೆದರಿಕೆಯನ್ನು ತಳ್ಳಿಹಾಕಬೇಡಿ, ವಿವರಿಸಿ. ಈ ದೊಡ್ಡ ಬಾವಲಿಗಳು ನಿಪಾ ವೈರಸ್ಸಿನ ಸಹಜ ಆಶ್ರಯ ಅನ್ನುವುದು ನಿಜ. 2018ರಲ್ಲಿ ಕೋಳಿಕ್ಕೋಡ್‌ನಲ್ಲಿ ಅದು ಜನರನ್ನು ಬಲಿ ತೆಗೆದುಕೊಂಡದ್ದೂ ನಿಜ. ಆದರೆ ಮರದಲ್ಲಿ ಬಾವಲಿ ಇದೆ ಅಂದಮಾತ್ರಕ್ಕೆ ರೋಗ ಬರುವುದಿಲ್ಲ. ಅದರ ಎಂಜಲು, ಮೂತ್ರ ನಮ್ಮ ದೇಹ ಸೇರಬೇಕು. ಬಾಂಗ್ಲಾದೇಶದಲ್ಲಿ ಬಾವಲಿ ನೆಕ್ಕಿದ ಖರ್ಜೂರದ ಮರದ ಹಸಿ ರಸ ಕುಡಿದು ಎಷ್ಟೋ ಜನರಿಗೆ ಬಂದಿದೆ. ಮರದ ನೇರ ಕೆಳಗೆ ನಿಲ್ಲಬೇಡಿ, ಐವತ್ತು ಮೀಟರ್ ದೂರದಿಂದ ನೋಡಿ. ಬಾವಲಿಗಳಿಗೂ ಅದೇ ಒಳ್ಳೆಯದು. ಕೆಳಗೆ ಹೋಗಲೇಬೇಕಾದರೆ ಟೋಪಿ, ತುಂಬು ತೋಳಿನ ಅಂಗಿ, ಎನ್-95 ಮಾಸ್ಕ್, ಗ್ಲೌಸ್ ಹಾಕಿ. ಬಟ್ಟೆ ಹಾಸಿ ಎಣಿಸುವ ನಿಮ್ಮ ಗೆಳತಿಗೂ ಇದೇ ಮಾತು. ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಕಚ್ಚಿದ ಹಣ್ಣು ಮುಟ್ಟಬೇಡಿ. ಕೆಳಗೆ ಬಿದ್ದ ಬಾವಲಿಯನ್ನು, ಮರಿಯೇ ಆಗಲಿ, ಬರಿಗೈಯಲ್ಲಿ ಎತ್ತಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಹೇಗಾದರೂ ಕಚ್ಚಿತು, ಪರಚಿತು ಅಂದರೆ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಚಿಕಿತ್ಸೆ ಕೇಳಿ.

ಊರಿನವರು ಹೆದರಿಕೆಯಿಂದ ಬಾವಲಿ ಓಡಿಸಲು ಹೊರಟರೆ ಅವರಿಗೆ ಇನ್ನೊಂದು ಸಂಗತಿ ಹೇಳಿ. ಆಸ್ಟ್ರೇಲಿಯಾದಲ್ಲಿ ನಿಪಾದ ಬಂಧುವಾದ ಹೆಂಡ್ರಾ ವೈರಸ್ಸನ್ನು ದಶಕಗಳ ಕಾಲ ನೋಡಿದವರು, ಕಾಡು ಕಡಿದು ಹೊಟ್ಟೆಗಿಲ್ಲದೆ ಬಾವಲಿಗಳು ಊರ ಹತ್ತಿರ ಬಂದಾಗಲೇ ರೋಗ ಹರಡುವುದು ಹೆಚ್ಚು ಅಂತ ಕಂಡಿದ್ದಾರೆ. ಮರ ಕಡಿದರೆ ಬಾವಲಿ ಮಾಯವಾಗುವುದಿಲ್ಲ, ಇನ್ನೊಬ್ಬರ ಮಾವಿನ ತೋಟಕ್ಕೆ ಹೋಗುತ್ತದೆ. ಕೆಲವರು ಅಸ್ತಮಾಕ್ಕೆ ಔಷಧಿ ಅಂತ ಇದರ ಮಾಂಸ ತಿನ್ನುತ್ತಾರೆ. ಅದರಿಂದ ಅಸ್ತಮಾ ವಾಸಿಯಾಗುವುದಿಲ್ಲ, ಹಿಡಿಯುವವರಿಗೂ ಕೊಯ್ಯುವವರಿಗೂ ಅಪಾಯ. ಈಗ ಅದು ಅಪರಾಧ ಕೂಡ. ಇದನ್ನು ಜಗಳದ ದನಿಯಲ್ಲಿ ಹೇಳಬೇಡಿ. ದುರ್ಬೀನು ಅವರ ಕೈಗೆ ಕೊಡಿ. ಫೆಬ್ರವರಿ ಮಾರ್ಚ್ ಹೊತ್ತಿಗೆ ತಾಯಿ ಎದೆಗೆ ಮರಿ ಅವಚಿಕೊಂಡಿರುವುದು ಕಂಡರೆ ನೀವು ಹೆಚ್ಚು ಮಾತಾಡಬೇಕಾಗುವುದಿಲ್ಲ.

ಕೊನೆಗೆ ಹಾಳೆಗಳ ವಿಷಯ. ನೀವು ನಿಂತ ಜಾಗವನ್ನು ಮೊಬೈಲ್‌ನಲ್ಲಿ ಅಕ್ಷಾಂಶ ರೇಖಾಂಶ ಸಮೇತ ಗುರುತು ಮಾಡಿ, ಅಲ್ಲಿಂದ ಮರ ಕಾಣುವ ಫೋಟೋ ತೆಗೆದಿಡಿ. ಕೊಂಬೆಗಳ ನಂಬರಿನ ಚಿತ್ರ, ನಡವಳಿಕೆಯ ವಿವರಣೆಗಳು, ಇಬ್ಬರ ಬೇರೆ ಬೇರೆ ಎಣಿಕೆ, ಮಳೆ ಬಂದು ವಾಪಸ್ ಬಂದ ದಿನಗಳು, ಎಲ್ಲದರ ಒಂದು ಪ್ರತಿಯನ್ನು ವಿಭಾಗದ ಕಪಾಟಿನಲ್ಲಿ ಬಿಟ್ಟುಹೋಗಿ. ಮಾರ್ಕ್ಸ್ ಬಂದ ಮೇಲೆ ಮೂಲ ಹಾಳೆಗಳನ್ನು ತೂಕಕ್ಕೆ ಹಾಕುವವರೇ ಜಾಸ್ತಿ. ಮುಂದಿನ ವರ್ಷದ ವಿದ್ಯಾರ್ಥಿ ಅದೇ ಜಾಗದಲ್ಲಿ ನಿಂತು, ಅದೇ ಕೊಂಬೆಗಳನ್ನು, ಅದೇ ವಿವರಣೆಯಿಂದ ಎಣಿಸಲಿ. ಹೀಗೆ ಐದು ಬ್ಯಾಚ್ ಮುಂದುವರಿಸಿದರೆ ಆ ಎರಡು ಮರಗಳ ಬಾವಲಿ ಹೆಚ್ಚಿತಾ ಕಡಿಮೆಯಾಯಿತಾ ಅನ್ನುವ ಪ್ರಶ್ನೆಗೆ ನಿಮ್ಮ ವಿಭಾಗ ದಾಖಲೆ ಇಟ್ಟು ಉತ್ತರ ಕೊಡಬಲ್ಲದು. ಡಿಸೆಂಬರ್ ಮೊದಲ ವಾರದಲ್ಲಿ ಪಟ್ಟಿ ಮಾಡಲು ಕೂತಾಗ ನಿಮ್ಮ ಜೂನಿಯರ್ ಒಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗಿ.